ಒಂದು ಕಟ್ಟು ಸೊಪ್ಪಿನ ಲೆಕ್ಕ

ಕಳೆದ ಜುಲೈನಲ್ಲಿ ನಮ್ಮ ಕಾಲೇಜಿನಲ್ಲಿ ರಕ್ತ ತಪಾಸಣೆ ನಡೆದದ್ದು ನಿಮಗೆಲ್ಲ ನೆನಪಿರಬಹುದು. ಬೆರಳಿಗೆ ಸೂಜಿ ಚುಚ್ಚುವಾಗ ಯಾರು ಯಾರು ಕಿರುಚಿದರು ಎನ್ನುವುದೂ ನೆನಪಿರಬಹುದು. ಆ ಪಟ್ಟಿಯಲ್ಲಿ ನಾನೂ ಇದ್ದೇನೆ. ಚೀಟಿ ಕೈಗೆ ಬಂದಾಗ ಅದರಲ್ಲಿ 9.4 ಎಂದು ಬರೆದಿತ್ತು. ಪರೀಕ್ಷೆಯ ಅಂಕಗಳನ್ನು ನೋಡಿ ಅಭ್ಯಾಸವಾದ ನನಗೆ ಹತ್ತಕ್ಕೆ ಒಂಬತ್ತೂ ಚಿಲ್ಲರೆ ಬಂದಂತೆ ಕಂಡು ಖುಷಿಯೇ ಆಯಿತು. ನರ್ಸಮ್ಮ ಮುಖ ನೋಡಿ, “ಹನ್ನೆರಡಾದರೂ ಇರಬೇಕಮ್ಮ, ಮನೆಯಲ್ಲಿ ಏನು ತಿಂತೀಯಾ?” ಎಂದು ಕೇಳಿದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅನ್ನ ತಿನ್ನುತ್ತೇನೆ, ಸಾರು ತಿನ್ನುತ್ತೇನೆ, ಟೀ ಕುಡಿಯುತ್ತೇನೆ.

ನಮ್ಮ ಬೆಂಚಿನ ಮೂವರಲ್ಲಿ ಇಬ್ಬರದು ಹನ್ನೆರಡರ ಕೆಳಗಿತ್ತು. ಮೂರನೆಯವಳು ಗುಬ್ಬಿಯಿಂದ ದಿನವೂ ರೈಲಿನಲ್ಲಿ ಬರುವವಳು, ಅವಳದು 12.6. ಈ ಲೇಖನದ ಅರ್ಧ ಭಾಗ ಅವಳ ಊಟದ ಡಬ್ಬಿಯಿಂದ ಬಂದದ್ದು. ಉಳಿದರ್ಧ ಕುಣಿಗಲ್ಲಿನಿಂದ ಬಂದ ನನ್ನ ನಾನಿಯದು.

ಮೊದಲು ಆ ಸಂಖ್ಯೆಯ ಅರ್ಥ ಹೇಳುತ್ತೇನೆ. ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮೈಯೆಲ್ಲ ಹಂಚುತ್ತದೆ ಎಂದು ಜೀವಶಾಸ್ತ್ರದಲ್ಲಿ ಓದಿದ್ದೇವೆ. ಅದರ ನಡುವೆ ಕೂತು ಆಮ್ಲಜನಕವನ್ನು ಹಿಡಿದುಕೊಳ್ಳುವುದು ಕಬ್ಬಿಣ. ಒಂದು ಡೆಸಿಲೀಟರ್ ರಕ್ತದಲ್ಲಿ ನಮ್ಮ ವಯಸ್ಸಿನ ಹುಡುಗಿಯರಿಗೆ 12 ಗ್ರಾಂ ಇರಬೇಕು. 11ರಿಂದ 12ರೊಳಗಿದ್ದರೆ ಅಲ್ಪ ರಕ್ತಹೀನತೆ, 8ರಿಂದ 11ರೊಳಗೆ ಮಧ್ಯಮ, 8ಕ್ಕಿಂತ ಕೆಳಗಿದ್ದರೆ ತೀವ್ರ. ನನ್ನದು ಮಧ್ಯಮ. ಎರಡನೆಯ ಮಹಡಿಯ ಲ್ಯಾಬಿಗೆ ಹತ್ತುವಾಗ ಏದುಸಿರು ಬರುವುದು, ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ಕಣ್ಣು ಮುಚ್ಚಿಕೊಂಡು ಹೋಗುವುದು, ಇವನ್ನೆಲ್ಲ ನಾನು ಸೋಮಾರಿತನ ಎಂದೇ ತಿಳಿದಿದ್ದೆ. ಮೇಷ್ಟರೂ ಹಾಗೇ ತಿಳಿದಿದ್ದರು. ನಾನೊಬ್ಬಳೇ ಅಲ್ಲ ಎನ್ನುವುದೂ ಗೊತ್ತಾಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ.

ಚೀಟಿ ನೋಡಿ ಅಮ್ಮಿ ಹೆದರಿದರು. ಅಕ್ಕಪಕ್ಕದ ಮನೆಯವರ ಸಲಹೆಗಳು ಸಂಜೆಯೊಳಗೆ ಬಂದವು. ದಿನಕ್ಕೊಂದು ದಾಳಿಂಬೆ, ಬೀಟ್‌ರೂಟ್ ಜ್ಯೂಸ್, ಟಿವಿಯಲ್ಲಿ ಬರುವ ಪುಡಿಯ ಡಬ್ಬಿ. ದಾಳಿಂಬೆಯ ರೇಟು ಕೇಳಿಕೊಂಡು ಬಂದ ಅಬ್ಬಾ ಏನೂ ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ನಮಗೆ ಲೆಕ್ಕ ಅರ್ಥವಾಗುತ್ತದೆ. ನಾನು ಲೈಬ್ರರಿಗೆ ಹೋಗಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಕೋಷ್ಟಕ ನೋಡಿದೆ. ನೂರು ಗ್ರಾಂ ದಾಳಿಂಬೆಯಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ! ಬೀಟ್‌ರೂಟಿನದೂ ಅದೇ ಕತೆ. ಕೆಂಪಗಿರುವುದೆಲ್ಲ ರಕ್ತವಾಗುತ್ತದೆ ಎನ್ನುವುದು ನಮ್ಮ ಕಣ್ಣಿನ ನಂಬಿಕೆ ಅಷ್ಟೆ. ದಾಳಿಂಬೆ ಒಳ್ಳೆಯ ಹಣ್ಣು, ಆದರೆ ಈ ಕೆಲಸಕ್ಕೆ ಅದು ಬೇಕಾಗಿಲ್ಲ.

ಅದೇ ಕೋಷ್ಟಕದಲ್ಲಿ ಬೇರೆ ಸಾಲುಗಳನ್ನು ನೋಡುತ್ತಾ ಹೋದೆ. ನೂರು ಗ್ರಾಂ ಬಿಳಿ ಅಕ್ಕಿಯಲ್ಲೂ ಕಬ್ಬಿಣ ಒಂದು ಮಿಲಿಗ್ರಾಂಗಿಂತ ಕಡಿಮೆ. ರಾಗಿಯಲ್ಲಿ ನಾಲ್ಕೂವರೆ ಮಿಲಿಗ್ರಾಂ. ಹುರುಳಿಯಲ್ಲಿ ಎಂಟಕ್ಕಿಂತ ಹೆಚ್ಚು. 16ರಿಂದ 18 ವಯಸ್ಸಿನ ಹುಡುಗಿಗೆ ದಿನಕ್ಕೆ 32 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ನಾನು ಮೂರು ಹೊತ್ತೂ ಅನ್ನ ತಿಂದು ಆ 32ನ್ನು ಎಲ್ಲಿಂದ ತರಲಿ?

ಆಗಸ್ಟಿನಲ್ಲಿ ನಾನಿ ಬಂದರು. ಅವರ ಜೊತೆ ಯಾವಾಗಲೂ ಒಂದು ಬಟ್ಟೆಯ ಚೀಲ ಬರುತ್ತದೆ, ಅದರಲ್ಲಿ ನಮಗೆ ಬೇಡವಾದದ್ದೇ ಇರುತ್ತದೆ ಎಂದು ನಾನೂ ತಮ್ಮನೂ ಹೇಳಿಕೊಂಡು ನಗುತ್ತಿದ್ದೆವು. ಆ ಸಲ ಚೀಲದಲ್ಲಿ ಇದ್ದದ್ದು ಮೂರು ಸೇರು ಹುರುಳಿ, ನಮ್ಮ ಮನೆಯ ಮಾತಿನಲ್ಲಿ ಕುಲ್ತಿ. “ಇದು ಕುದುರೆ ತಿನ್ನೋದಲ್ವಾ ನಾನಿ?” ಎಂದ ತಮ್ಮ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಇಂಗ್ಲಿಷಿನಲ್ಲಿ ಹುರುಳಿಗೆ ಕುದುರೆಯ ಕಾಳು ಎಂದೇ ಹೆಸರು, ಕುಣಿಗಲ್ ಎಂದರೆ ಕುದುರೆ ಫಾರಂ ಎಂದು ರಾಜ್ಯಕ್ಕೆಲ್ಲ ಗೊತ್ತು. ನಾನಿ ನಕ್ಕು, “ಕುದುರೆ ಓಡ್ತದೋ ಇಲ್ವೋ? ನಿನ್ನ ಅಕ್ಕ ಮೆಟ್ಟಿಲು ಹತ್ತಕ್ಕಾಗಲ್ಲ ಅಂತಾಳೆ” ಎಂದರು. ಅವನ ಬಾಯಿ ಮುಚ್ಚಿತು.

ಹುರುಳಿ ನಮ್ಮ ಜಿಲ್ಲೆಯ ಒಣ ಹೊಲಗಳಲ್ಲಿ ಕಡಿಮೆ ಮಳೆಯಲ್ಲೇ ಬೆಳೆಯುವ ಕಾಳು. ಗೊಬ್ಬರ ಹೆಚ್ಚು ಕೇಳುವುದಿಲ್ಲ, ಆದ್ದರಿಂದ ಬೆಲೆಯೂ ತೊಗರಿಬೇಳೆಯಷ್ಟು ಇರುವುದಿಲ್ಲ. ಪ್ರೋಟೀನು ಮಾತ್ರ ತೊಗರಿಬೇಳೆಯ ಸಮಕ್ಕೆ, ನೂರಕ್ಕೆ 22 ಗ್ರಾಂ ಹತ್ತಿರ. ನಾನಿ ಮಾಡುವ ಕ್ರಮ ಹೀಗೆ. ಹುರುಳಿಯಲ್ಲಿ ಕಲ್ಲು ಬಹಳ, ಮೊದಲು ಮೊರದಲ್ಲಿ ಆರಿಸಬೇಕು. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಒಂದು ಪಾತ್ರೆಯಲ್ಲಿ ಮುಚ್ಚಿಡಬೇಕು. ಮಳೆಗಾಲದಲ್ಲಿ ಮೊಳಕೆ ಬರಲು ಎರಡು ದಿನ ಬೇಕು, ಬೇಸಿಗೆಯಲ್ಲಿ ಒಂದೇ ದಿನ ಸಾಕು. ಬಟ್ಟೆ ಒಣಗಿದರೆ ನೀರು ಚಿಮುಕಿಸಬೇಕು, ನೀರು ನಿಂತರೆ ಲೋಳೆಯಾಗಿ ವಾಸನೆ ಬರುತ್ತದೆ. ನನ್ನ ಮೊದಲ ಪ್ರಯತ್ನ ಹಾಗೇ ಹಾಳಾಗಿ ಹಿತ್ತಲ ಕೋಳಿಗಳ ಪಾಲಾಯಿತು.

ಮೊಳಕೆ ಬರಿಸುವುದು ರುಚಿಗೆ ಮಾತ್ರ ಅಲ್ಲ. ಕಾಳುಗಳಲ್ಲಿ ಫೈಟೇಟ್ ಎಂಬ ವಸ್ತು ಇರುತ್ತದೆ. ಅದು ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡು ಕರುಳಿಗೆ ಬಿಟ್ಟುಕೊಡುವುದಿಲ್ಲ. ನೆನೆಸಿ ಮೊಳಕೆ ಬರಿಸಿದಾಗ ಕಾಳಿನೊಳಗಿನ ಕಿಣ್ವಗಳು ಎಚ್ಚೆತ್ತು ಈ ಫೈಟೇಟನ್ನು ಒಡೆಯುತ್ತವೆ. ಒಣ ಕಾಳಿನಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇದ್ದ ಸಿ ಜೀವಸತ್ವವೂ ಮೊಳಕೆಯಲ್ಲಿ ಹುಟ್ಟುತ್ತದೆ. ಕಿಣ್ವದ ಪಾಠವನ್ನು ನಾನು ಎರಡು ಸಲ ಓದಿ ಮರೆತಿದ್ದೆ, ಈ ಗಂಟನ್ನು ನೋಡಿದ ಮೇಲೆ ಮರೆತಿಲ್ಲ.

ಮೊಳಕೆ ಹುರುಳಿಯನ್ನು ಬೇಯಿಸಿದ ನೀರನ್ನು ಚೆಲ್ಲಬಾರದು, ಅದೇ ಕಟ್ಟು. ಈರುಳ್ಳಿ, ಬೆಳ್ಳುಳ್ಳಿ, ಒಂದಿಷ್ಟು ಕಾಯಿತುರಿ ಹುರಿದು, ಸಾರಿನ ಪುಡಿ, ಹುಣಿಸೆಹಣ್ಣು ಮತ್ತು ಒಂದು ಸೌಟು ಬೆಂದ ಹುರುಳಿ ಸೇರಿಸಿ ನುಣ್ಣಗೆ ರುಬ್ಬಿ ಆ ಕಟ್ಟಿಗೆ ಹಾಕಿ ಕುದಿಸಿದರೆ ಹುರುಳಿ ಸಾರು. ಉಳಿದ ಕಾಳಿಗೆ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಪಲ್ಯ. ಹುರುಳಿ ಉಷ್ಣ ಎನ್ನುವವರು ನಮ್ಮ ಮನೆಯಲ್ಲೂ ಇದ್ದಾರೆ. ಅವರಿಗಾಗಿ ನಾನಿ ಸಾರನ್ನು ಮಳೆಗಾಲ, ಚಳಿಗಾಲದಲ್ಲಿ ಹೆಚ್ಚಾಗಿ ಮಾಡುತ್ತಾರೆ. ಮರುದಿನದ ಹುರುಳಿ ಸಾರು ಮೊದಲ ದಿನದ್ದಕ್ಕಿಂತ ರುಚಿ. ಇದಕ್ಕೆ ನನ್ನ ಬಳಿ ವೈಜ್ಞಾನಿಕ ವಿವರಣೆ ಇಲ್ಲ, ಬೇಕಾದರೆ ನೀವೇ ಮಾಡಿ ನೋಡಿ.

ಈಗ ಗುಬ್ಬಿಯ ಗೆಳತಿಯ ಡಬ್ಬಿ. ಅದರಲ್ಲಿ ವಾರಕ್ಕೆ ಮೂರು ದಿನ ಕಡು ಹಸಿರು ಪಲ್ಯ ಇರುತ್ತಿತ್ತು. “ಯಾವ ಸೊಪ್ಪೇ ಇದು?” ಎಂದರೆ “ಬೆರಕೆ ಸೊಪ್ಪು” ಎನ್ನುತ್ತಿದ್ದಳು. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ, ತೆಂಗಿನ ತೋಟದೊಳಗೆ ತಾವಾಗಿಯೇ ಏಳುವ ಹತ್ತಾರು ಬಗೆಯ ಸೊಪ್ಪನ್ನು ಅವಳ ಅಮ್ಮ ಮಡಿಲು ತುಂಬ ಕಿತ್ತು ತರುತ್ತಾರೆ. ಅಣ್ಣೆ, ಹೊನಗೊನ್ನೆ, ಗೋಣಿ, ಗಣಿಕೆ, ಕೀರೆ, ಜೊತೆಗೆ ಒಂದು ಹಿಡಿ ನುಗ್ಗೆ. ಒಂದೊಂದೇ ಸೊಪ್ಪಾದರೆ ಒಂದು ಕಹಿ, ಒಂದು ಹುಳಿ, ಒಂದು ಲೋಳೆ. ಬೆರೆತರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ಒಂದು ಭಾನುವಾರ ನಾನು ಅವರ ಮನೆಗೆ ಹೋದೆ. ಆಂಟಿ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋಗಿ ಹನ್ನೊಂದು ಸೊಪ್ಪು ತೋರಿಸಿದರು, ಸಂಜೆ ಕೇಳಿದಾಗ ನನಗೆ ಗುರುತು ಹಿಡಿಯಲು ಬಂದದ್ದು ನಾಲ್ಕೇ. ಅದಕ್ಕೇ ಹೇಳುತ್ತೇನೆ, ಗೊತ್ತಿರುವ ಹಿರಿಯರಿಲ್ಲದೆ ನೀವಾಗಿ ಬೆರಕೆ ಸೊಪ್ಪು ಕೀಳಲು ಹೋಗಬೇಡಿ. ಚರಂಡಿ ಪಕ್ಕದ್ದು, ಹೆದ್ದಾರಿ ಪಕ್ಕದ್ದು, ಕಳೆನಾಶಕ ಹೊಡೆದ ತೋಟದ್ದು ಬೇಡವೇ ಬೇಡ.

ಆ ಸೊಪ್ಪಿನಿಂದ ಆಂಟಿ ಬಸ್ಸಾರು ಮಾಡಿದರು. ಅಲಸಂದೆ ಕಾಳು ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ, ಎರಡೂ ಬೆಂದ ಮೇಲೆ ನೀರನ್ನು ಬಸಿದುಕೊಳ್ಳುತ್ತಾರೆ. ಬಸಿದದ್ದರಿಂದ ಸಾರು, ಉಳಿದದ್ದರಿಂದ ಪಲ್ಯ. ಒಂದೇ ಪಾತ್ರೆ, ಒಂದೇ ಉರಿ, ಎರಡು ಅಡುಗೆ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ನೀರಿನಲ್ಲಿ ಕರಗುವ ಜೀವಸತ್ವಗಳೂ ಒಂದಿಷ್ಟು ಲವಣಗಳೂ ಸಿಂಕಿಗೆ ಹೋಗುತ್ತವೆ, ಬಸ್ಸಾರಿನಲ್ಲಿ ಅವು ತಟ್ಟೆಗೇ ಬರುತ್ತವೆ. ನಮ್ಮ ಮನೆಯಲ್ಲಿ ಸೊಪ್ಪು ಎಂದರೆ ಗೋಷ್ತಿನ ಜೊತೆ ಬೇಯುವ ಭಾಜಿ ಮಾತ್ರ. ಮಾಂಸ ಬರುವುದು ಶುಕ್ರವಾರ ಇಲ್ಲವೇ ಭಾನುವಾರ, ಹಾಗಾಗಿ ಸೊಪ್ಪೂ ವಾರಕ್ಕೊಂದೇ ಸಲ. ಬಸ್ಸಾರು ಕಲಿತ ಮೇಲೆ ಅದು ಮೂರು ಸಲವಾಯಿತು.

ಪಟ್ಟಣದವರಿಗೆ ತೋಟ ಎಲ್ಲಿದೆ ಎನ್ನಬೇಡಿ. ಅಂತರಸನಹಳ್ಳಿ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ ನೋಡಿ. ಮೂಲಂಗಿಯ ಸೊಪ್ಪನ್ನು ತಿರುಚಿ ಎಸೆದಿರುತ್ತಾರೆ, ಹೂಕೋಸಿನ ಎಲೆಗಳ ರಾಶಿಯನ್ನು ಹಸುಗಳು ಮೇಯುತ್ತಿರುತ್ತವೆ. ಮೂಲಂಗಿ ಕೊಳ್ಳುವಾಗ “ಸೊಪ್ಪು ಕೀಳಬೇಡಿ ಅಣ್ಣಾ” ಎಂದರೆ ಸಾಕು, ಒಂದು ಪಲ್ಯ ಬಿಟ್ಟಿ. ಹೂಕೋಸಿನ ಎಳೆಯ ಎಲೆಗಳನ್ನು ಸಣ್ಣಗೆ ಹೆಚ್ಚಿ ಕಡ್ಲೆಬೇಳೆಯ ಜೊತೆ ಬೇಯಿಸಬಹುದು. ನುಗ್ಗೆಮರ ನಮ್ಮ ಬೀದಿಯಲ್ಲೇ ಎರಡಿವೆ. ಕಾಯಿಗೆ ಜನ ಕೋಲು ಹಿಡಿದು ನಿಲ್ಲುತ್ತಾರೆ, ಎಲೆ ಕೇಳಿದರೆ ಮನೆಯವರು ಕೊಂಬೆಯನ್ನೇ ಮುರಿದು ಕೊಡುತ್ತಾರೆ. ನುಗ್ಗೆ ಎಲೆಯಲ್ಲಿ ಕ್ಯಾಲ್ಸಿಯಂ ನೂರು ಗ್ರಾಂಗೆ 300 ಮಿಲಿಗ್ರಾಂ ದಾಟುತ್ತದೆ, ಎ ಜೀವಸತ್ವಕ್ಕೆ ಬೇಕಾದ ಕ್ಯಾರೊಟಿನ್ ಕೂಡ ಬಹಳ. ಎಲೆ ಬಿಡಿಸುವುದೇ ದೊಡ್ಡ ಕೆಲಸ. ಕೊಂಬೆಯನ್ನು ರಾತ್ರಿ ಒಂದು ಬಟ್ಟೆಯಲ್ಲಿ ಸುತ್ತಿಟ್ಟು ಬೆಳಿಗ್ಗೆ ಕೊಡವಿದರೆ ಅರ್ಧ ಎಲೆ ತಾನೇ ಉದುರುತ್ತದೆ.

ರಾಗಿಯ ಬಗ್ಗೆ ತುಮಕೂರಿನವರಿಗೆ ಹೇಳುವುದು ಎಂದರೆ ಸಂಕೋಚವಾಗುತ್ತದೆ. ಸಿದ್ಧಗಂಗಾ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ದಾಸೋಹದಲ್ಲಿ ಮುದ್ದೆ ಬಡಿಸುವ ಊರು ನಮ್ಮದು. ಇಂಡಾಫ್ ತಳಿಗಳನ್ನು ಕೊಟ್ಟ ‘ರಾಗಿ ಲಕ್ಷ್ಮಣಯ್ಯ’ನವರು ನಮ್ಮ ನಾಡಿನ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರ ಮಾಡಿ ಇಳುವರಿ ಹೆಚ್ಚಿಸಿದರು. ಭಾರತ ಮತ್ತು ಆಫ್ರಿಕಾ ಎರಡೂ ಹೆಸರು ಸೇರಿ ಇಂಡಾಫ್. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಕರೆದಾಗ ಪೇಟೆಯಲ್ಲಿ ರಾಗಿ ಬಿಸ್ಕತ್ತು, ರಾಗಿ ಚಿಪ್ಸ್ ಎಲ್ಲ ಬಂದವು. ಮುದ್ದೆ ತಿನ್ನುವುದು ಹಳ್ಳಿತನ ಎಂದು ನಮ್ಮ ಮನೆಯಲ್ಲಿ ಬಿಟ್ಟದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ! ರಾಗಿಯ ದೊಡ್ಡಸ್ತಿಕೆ ಕ್ಯಾಲ್ಸಿಯಂ. ನೂರು ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ, ಅಷ್ಟೇ ಹಾಲಿನಲ್ಲಿ 120ರ ಆಸುಪಾಸು. ಫೈಟೇಟ್ ಇಲ್ಲೂ ಇದೆ, ಆದ್ದರಿಂದ ಅಷ್ಟೂ ಮೈಗೆ ಹತ್ತುವುದಿಲ್ಲ, ರಾಗಿಯನ್ನು ಮೊಳಕೆ ಬರಿಸಿ ಒಣಗಿಸಿ ಬೀಸಿದರೆ ಹೆಚ್ಚು ಹತ್ತುತ್ತದೆ. ಮುದ್ದೆ ನುಂಗಲು ಬಾರದ ತಮ್ಮನಿಗೆ ನಾನಿ ಹಿಟ್ಟಿಗೆ ನುಗ್ಗೆ ಎಲೆ, ಈರುಳ್ಳಿ, ಹಸಿಮೆಣಸಿನಕಾಯಿ ಕಲಸಿ ರೊಟ್ಟಿ ತಟ್ಟಿಕೊಟ್ಟರು. ಅವನು ಮೂರು ತಿಂದ.

ರೇಷನ್ ಅಕ್ಕಿಯ ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ಬೀದಿಯ ಹೆಂಗಸರು ಅಕ್ಕಿ ಆರಿಸುವಾಗ ಸ್ವಲ್ಪ ಬೇರೆ ಬಣ್ಣದ, ನೀರಿನಲ್ಲಿ ತೇಲುವ ಕಾಳುಗಳನ್ನು “ಪ್ಲಾಸ್ಟಿಕ್ ಅಕ್ಕಿ” ಎಂದು ಎಸೆಯುತ್ತಿದ್ದರು. ಅಮ್ಮಿಯೂ ಎಸೆಯುತ್ತಿದ್ದರು. ಅವು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಯಂತ್ರದಲ್ಲಿ ಅಕ್ಕಿಯ ಆಕಾರಕ್ಕೆ ಒತ್ತಿದ ಕಾಳುಗಳು ಅವು. ನೂರು ಕಾಳಿಗೆ ಒಂದರಂತೆ ಬೆರೆಸಿದ್ದರು. 2021ರ ಸ್ವಾತಂತ್ರ್ಯ ದಿನದಂದು ಪ್ರಧಾನಿ ಘೋಷಿಸಿದ ಸಾರವರ್ಧಿತ ಅಕ್ಕಿಯ ಯೋಜನೆ ಇದು. ಅದರ ಮಾನದಂಡದ ಪ್ರಕಾರ ಒಂದು ಕಿಲೋ ಅಕ್ಕಿಯಲ್ಲಿ ಕನಿಷ್ಠ 28 ಮಿಲಿಗ್ರಾಂ ಕಬ್ಬಿಣ ಇರಬೇಕು. ಅಂದರೆ ಒಂದು ಮನೆಯಲ್ಲಿ ಒಬ್ಬಳಿಗೆ ರಕ್ತ ಇಲ್ಲ ಎಂದು ಅಳುತ್ತಾ, ಇನ್ನೊಂದು ಕಡೆ ಕಬ್ಬಿಣವನ್ನು ಆರಿಸಿ ಆರಿಸಿ ಬಿಸಾಡುತ್ತಿದ್ದೆವು. ಈ ಮಾತು ಹೇಳಿದ ದಿನ ಅಮ್ಮಿ ತುಂಬ ಹೊತ್ತು ಸುಮ್ಮನೆ ಕೂತಿದ್ದರು. ಮರುದಿನ ತಾವೇ ಬೀದಿಯಲ್ಲಿ ನಾಲ್ಕು ಮನೆಗೆ ಹೋಗಿ ಹೇಳಿ ಬಂದರು. ಥಲಸ್ಸೇಮಿಯಾದಂಥ ಕಾಯಿಲೆ ಇರುವವರು ಮಾತ್ರ ಡಾಕ್ಟರನ್ನು ಕೇಳಿ ಈ ಅಕ್ಕಿ ಬಳಸಬೇಕು.

ಮಾಂಸದಲ್ಲೂ ಹೀಗೆ ಕಡೆಗಣಿಸಿದ ಒಂದು ಭಾಗವಿದೆ. ಬಕ್ರೀದ್ ದಿನ ನಮ್ಮಲ್ಲಿ ಅನೇಕ ಮನೆಗಳಲ್ಲಿ ಮೊದಲು ಒಲೆಗೆ ಏರುವುದು ಕಲೇಜಿ. ನಮಾಜಿನಿಂದ ಬಂದವರು ಕುರ್ಬಾನಿಯ ಕಲೇಜಿಯಿಂದಲೇ ಊಟ ಶುರುಮಾಡುತ್ತಾರೆ. ಅದಾದ ಮೇಲೆ ವರ್ಷವಿಡೀ ಅದರ ನೆನಪು ಬರುವುದಿಲ್ಲ. ಕೋಳಿ ಅಂಗಡಿಯಲ್ಲಿ ಕಲೇಜಿಗೆ ಮಾಂಸದ ಅರ್ಧ ಬೆಲೆಯೂ ಇಲ್ಲ, ಪರಿಚಯದವರಾದರೆ ಸುಮ್ಮನೆ ಹಾಕಿಕೊಡುತ್ತಾರೆ. ಕೋಳಿಯ ಕಲೇಜಿಯಲ್ಲಿ ನೂರು ಗ್ರಾಂಗೆ ಸುಮಾರು 9 ಮಿಲಿಗ್ರಾಂ ಕಬ್ಬಿಣ. ಪ್ರಾಣಿಮೂಲದ ಆಹಾರದಲ್ಲಿ ಒಂದು ಪಾಲು ಕಬ್ಬಿಣ ಹೀಮ್ ರೂಪದಲ್ಲೇ ಇರುತ್ತದೆ, ಅದು ಕಾಳು-ಸೊಪ್ಪಿನದಕ್ಕಿಂತ ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಅದರ ಜೊತೆ ಸೊಪ್ಪು ತಿಂದರೆ ಸೊಪ್ಪಿನ ಕಬ್ಬಿಣವೂ ಹೆಚ್ಚು ಹೀರಲ್ಪಡುತ್ತದೆ. ಗೋಷ್ತಿನಲ್ಲಿ ಭಾಜಿ ಹಾಕಿ ಬೇಯಿಸುವ ನಮ್ಮ ಅಜ್ಜಿಯರ ಪದ್ಧತಿ ಇಲ್ಲಿ ಗೆದ್ದಿತು. ಕಲೇಜಿಗೆ ಅರಿಸಿನ, ಮೆಣಸು, ಶುಂಠಿ-ಬೆಳ್ಳುಳ್ಳಿ ಹಾಕಿ ಹತ್ತು ನಿಮಿಷ ಬೇಯಿಸಿದರೆ ಸಾಕು, ಹೆಚ್ಚು ಬೆಂದರೆ ರಬ್ಬರಿನಂತಾಗುತ್ತದೆ. ಎ ಜೀವಸತ್ವ ಅದರಲ್ಲಿ ಅತಿಯಾಗಿ ಇರುವುದರಿಂದ ವಾರಕ್ಕೊಂದು ಸಲ ಸಾಕು. ಮನೆಯಲ್ಲಿ ಗರ್ಭಿಣಿಯರಿದ್ದರೆ ಡಾಕ್ಟರನ್ನು ಕೇಳದೆ ಕೊಡಬೇಡಿ.

ಇಷ್ಟೆಲ್ಲ ತಿಂದೂ ಕೆಲಸ ಕೆಡಿಸುವ ಒಂದು ಅಭ್ಯಾಸ ನಮ್ಮ ಮನೆಯಲ್ಲಿತ್ತು. ಊಟ ಮುಗಿದ ಕೂಡಲೇ ಟೀ. ಟೀಯಲ್ಲಿರುವ ಟ್ಯಾನಿನ್ ಕಾಳು-ಸೊಪ್ಪಿನ ಕಬ್ಬಿಣದೊಂದಿಗೆ ಕೂಡಿಕೊಂಡು ಅದು ಹೀರಲ್ಪಡದಂತೆ ತಡೆಯುತ್ತದೆ. ಹಾಲು ಹಾಕಿದರೂ, ಸುಲೈಮಾನಿಯಾದರೂ ಒಂದೇ. ಊಟಕ್ಕೂ ಟೀಗೂ ನಡುವೆ ಒಂದು ಗಂಟೆಯಾದರೂ ಬಿಡಬೇಕು. ಇದಕ್ಕೆ ತದ್ವಿರುದ್ಧ ಕೆಲಸ ಮಾಡುವುದು ಸಿ ಜೀವಸತ್ವ. ಅದೇ ಊಟದ ಜೊತೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ ಹೀರುವಿಕೆ ಗಣನೀಯವಾಗಿ ಹೆಚ್ಚುತ್ತದೆ. ನಿಂಬೆರಸವನ್ನು ಕುದಿಯುವಾಗ ಹಾಕಬೇಡಿ, ಬಿಸಿಗೆ ಸಿ ಜೀವಸತ್ವ ಕೆಡುತ್ತದೆ, ತಟ್ಟೆಯಲ್ಲೇ ಹಿಂಡಿ. ಕಾಲೇಜಿನ ಗೇಟಿನ ಬಳಿ ಉಪ್ಪು-ಖಾರ ಹಚ್ಚಿ ಮಾರುವ ಸೀಬೆಕಾಯಿ ನಿಂಬೆಗಿಂತ ಎಷ್ಟೋ ಪಟ್ಟು ಮೇಲು. ಊಟವಾದ ಮೇಲೆ ಟೀ ಅಂಗಡಿಗೆ ಹೋಗುವ ಹತ್ತು ರೂಪಾಯಿಯನ್ನು ಸೀಬೆಕಾಯಿ ಅಜ್ಜನಿಗೆ ಕೊಡಿ.

ನಾನಿಯ ಇನ್ನೊಂದು ಹಟ ಕಬ್ಬಿಣದ ಬಾಣಲೆ. ಅಟ್ಟದ ಮೇಲಿದ್ದ ಹಳೆಯದನ್ನು ಇಳಿಸಿ, ಹುಣಿಸೆಹಣ್ಣು ಹಾಕಿ ತಿಕ್ಕಿ ತೊಳೆದು, ಸೊಪ್ಪಿನ ಪಲ್ಯವನ್ನು ಅದರಲ್ಲೇ ಮಾಡಿಸಿದರು. ಹುಳಿ ಇರುವ ಅಡುಗೆಯನ್ನು ಕಬ್ಬಿಣದ ಪಾತ್ರೆಯಲ್ಲಿ ಮಾಡಿದರೆ ಒಂದಿಷ್ಟು ಕಬ್ಬಿಣ ಅಡುಗೆಗೆ ಇಳಿಯುತ್ತದೆ, ಇದು ಪರೀಕ್ಷಿಸಿದ ಸಂಗತಿ. ಕಾಂಬೋಡಿಯಾದಲ್ಲಿ ಇದೇ ತತ್ವದಿಂದ ಕಬ್ಬಿಣದ ಪುಟ್ಟ ಮೀನೊಂದನ್ನು ಮಾಡಿ ಸಾರಿನಲ್ಲಿ ಕುದಿಸಲು ಕೊಟ್ಟರು. ಮೀನು ಅಲ್ಲಿ ಅದೃಷ್ಟದ ಗುರುತು. ಆದರೆ ಮುಂದಿನ ಒಂದು ಅಧ್ಯಯನದಲ್ಲಿ ಅಲ್ಲಿಯ ಮಹಿಳೆಯರ ಹಿಮೋಗ್ಲೋಬಿನ್ ಅದರಿಂದ ಏರಲಿಲ್ಲ, ಏಕೆಂದರೆ ಅವರಲ್ಲಿ ಅನೇಕರ ರಕ್ತಹೀನತೆಗೆ ಕಾರಣ ಕಬ್ಬಿಣದ ಕೊರತೆ ಆಗಿರಲಿಲ್ಲ, ವಂಶಪಾರಂಪರ್ಯವಾಗಿ ಬಂದ ರಕ್ತದ ದೋಷವಾಗಿತ್ತು. ಹಾಗಾಗಿ ರಕ್ತ ಕಡಿಮೆ ಎಂದ ತಕ್ಷಣ ಎಲ್ಲರಿಗೂ ಒಂದೇ ಮದ್ದಲ್ಲ, ಕಾರಣ ಯಾವುದೆಂದು ಡಾಕ್ಟರೇ ನೋಡಬೇಕು. ಅಂದಹಾಗೆ ಬಾಣಲೆಯಲ್ಲಿ ಪಲ್ಯವನ್ನು ರಾತ್ರಿಯಿಡೀ ಬಿಡಬಾರದು, ಕಪ್ಪಾಗಿ ಲೋಹದ ರುಚಿ ಬರುತ್ತದೆ.

ಹಲಸಿನ ಬೀಜವನ್ನು ಬಿಟ್ಟರೆ ಗುಬ್ಬಿಯವರು ಕೋಪಿಸಿಕೊಳ್ಳುತ್ತಾರೆ. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ತಾಮ್ರಗೆಂಪು ತೊಳೆಯ ‘ಸಿದ್ದು’ ಹಲಸು ಅಲ್ಲಿಯದೇ. ಮರ ನೆಟ್ಟ ತಂದೆಯ ಹೆಸರನ್ನೇ ರೈತರು ತಳಿಗೆ ಇಟ್ಟರು, ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರ ಅದನ್ನು ಗುರುತಿಸಿ ಬೆಳೆಸಿತು. ತೊಳೆಗೆ ಇಷ್ಟು ಮರ್ಯಾದೆ ಸಿಕ್ಕಿದರೂ ಬೀಜ ಇನ್ನೂ ತಿಪ್ಪೆಗೇ ಹೋಗುತ್ತಿದೆ. ಹಣ್ಣಿನ ಕಾಲದಲ್ಲಿ ಬೀಜ ತೊಳೆದು ನೆರಳಿನಲ್ಲಿ ಒಣಗಿಸಿ ಬೂದಿಯಲ್ಲೋ ಕೆಮ್ಮಣ್ಣಿನಲ್ಲೋ ಹೊರಳಿಸಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಬೇಯಿಸಿ ಬಿಳಿಯ ಸಿಪ್ಪೆ ತೆಗೆದರೆ ಆಲೂಗಡ್ಡೆಯ ಜಾಗದಲ್ಲಿ ಎಲ್ಲಿ ಬೇಕಾದರೂ ನಿಲ್ಲುತ್ತದೆ, ಪ್ರೋಟೀನು ಆಲೂಗಡ್ಡೆಗಿಂತ ಎಷ್ಟೋ ಹೆಚ್ಚು. ಆಂಟಿ ಬದನೆಕಾಯಿಯ ಜೊತೆ ಹುಳಿ ಮಾಡುತ್ತಾರೆ. ನಾನು ಅವರು ಕೊಟ್ಟ ಬೀಜವನ್ನು ಮಾಂಸವಿಲ್ಲದ ದಿನ ದಾಲ್ಚಾಕ್ಕೆ ಹಾಕಿದೆ, ಸೋರೆಕಾಯಿಯ ಜೊತೆ ಚೆನ್ನಾಗಿ ಹೊಂದಿತು. ಅಬ್ಬಾ ಎರಡನೆಯ ಸಲ ಹಾಕಿಸಿಕೊಂಡ ಮೇಲೆಯೇ ಅದರಲ್ಲಿ ಏನಿದೆ ಎಂದು ಕೇಳಿದ್ದು.

ರಮಜಾನಿನಲ್ಲಿ ಏನು ಮಾಡುವುದು ಎಂದು ನಮ್ಮ ತರಗತಿಯವರು ಕೇಳಿದರು. ಸಹರಿಯಲ್ಲಿ ಬರೀ ಬಿಳಿ ಅನ್ನಕ್ಕಿಂತ ರಾಗಿ ಗಂಜಿ ಅಥವಾ ಮುದ್ದೆ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಇಫ್ತಾರಿಗೆ ಸಮೋಸ ಪೂರ್ತಿ ಬಿಡಿ ಎಂದರೆ ನನ್ನ ಮಾತನ್ನು ಯಾರೂ ಕೇಳುವುದಿಲ್ಲ, ನಾನೂ ಬಿಡುವುದಿಲ್ಲ. ಖರ್ಜೂರದ ಪಕ್ಕದಲ್ಲಿ ನಿಂಬೆ ಹಿಂಡಿದ ಒಂದು ಬಟ್ಟಲು ಮೊಳಕೆಕಾಳು ಇಟ್ಟುಕೊಳ್ಳಿ, ಸಮೋಸ ತಾನಾಗಿ ಎರಡಕ್ಕೆ ನಿಲ್ಲುತ್ತದೆ.

ಖರ್ಚನ್ನು ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಐದು ಜನರ ರಾತ್ರಿಯ ಊಟಕ್ಕೆ ರಾಗಿಹಿಟ್ಟು, ಕಾಲು ಕಿಲೋ ಹುರುಳಿ, ಒಂದು ಕಟ್ಟು ಸೊಪ್ಪು, ಅರ್ಧ ಹೋಳು ಕಾಯಿ, ಈರುಳ್ಳಿ, ನಿಂಬೆ ಎಲ್ಲ ಸೇರಿ, ಗ್ಯಾಸ್ ಬಿಟ್ಟು, ನೂರು ರೂಪಾಯಿಯ ಆಸುಪಾಸು ಆಯಿತು. ಅದರಲ್ಲಿ ಹೆಚ್ಚಿನ ದುಡ್ಡು ತಿಂದದ್ದು ತೆಂಗಿನಕಾಯಿ. ತೆಂಗಿನ ಜಿಲ್ಲೆಯಲ್ಲೇ ಇದ್ದು ಹೀಗೆ! ಕಾಯಿ ಇಲ್ಲದ ದಿನ ನಾನಿ ಹುರಿದ ಕಡಲೆಕಾಯಿ ಬೀಜವನ್ನೋ ಹುಚ್ಚೆಳ್ಳನ್ನೋ ರುಬ್ಬಿ ಹಾಕಿದರು. ಹುಚ್ಚೆಳ್ಳು ಹಾಕಿದ ಪಲ್ಯದ ಘಮಕ್ಕೆ ಪಕ್ಕದ ಮನೆಯವರು ಬಂದು ಕೇಳಿದರು.

ಇನ್ನು ಆ ಸಂಖ್ಯೆ. ನವೆಂಬರಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ 11.3 ಬಂತು. ಇದಕ್ಕೆಲ್ಲ ಹುರುಳಿ ಸಾರೇ ಕಾರಣ ಎಂದು ಬರೆದರೆ ಸುಳ್ಳಾಗುತ್ತದೆ. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ, ಜಂತುಹುಳದ ಮಾತ್ರೆಯನ್ನೂ ನುಂಗಿದೆ. ಒಂಬತ್ತಕ್ಕೆ ಇಳಿದ ರಕ್ತವನ್ನು ಊಟವೊಂದೇ ಬೇಗ ಮೇಲೆತ್ತಲಾರದು, ಮಾತ್ರೆ ಬೇಕು ಎಂದು ಡಾಕ್ಟರೇ ಹೇಳಿದರು. ಮಾತ್ರೆ ನಿಂತ ಮೇಲೆ ಮತ್ತೆ ಕೆಳಗೆ ಇಳಿಯದಂತೆ ಹಿಡಿದುಕೊಳ್ಳುವುದು ಊಟದ ಕೆಲಸ ಎಂದೂ ಹೇಳಿದರು. ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ, ಮೊದಮೊದಲು ಹೊಟ್ಟೆ ತೊಳಸುತ್ತದೆ. ಇದಕ್ಕೇ ಹೆದರಿ ನಮ್ಮ ತರಗತಿಯ ಕೆಲವರು ಕಾಲೇಜಿನಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಕಿಟಕಿಯಿಂದ ಆಚೆ ಎಸೆಯುತ್ತಾರೆ. ನಾನೂ ಜುಲೈಗೆ ಮುಂಚೆ ಎಸೆದಿದ್ದೇನೆ. ಊಟವಾದ ಮೇಲೆ ನುಂಗಿದರೆ ತೊಳಸುವುದು ಕಡಿಮೆಯಾಗುತ್ತದೆ.

ಹನ್ನೆರಡಕ್ಕೆ ಇನ್ನೂ 0.7 ಬಾಕಿ ಇದೆ. ಮುಂದಿನ ಪರೀಕ್ಷೆ ಫೆಬ್ರವರಿಯಲ್ಲಿ. ನಾನಿ ಕುಣಿಗಲ್ಲಿಗೆ ಹಿಂದಿರುಗಿದ್ದಾರೆ, ಈ ಸಲದ ಹುರುಳಿ ಒಕ್ಕಣೆಯಾದ ಮೇಲೆ ಇನ್ನೊಂದು ಚೀಲ ಕಳಿಸುತ್ತಾರಂತೆ. ಮೊಳಕೆಯ ಗಂಟಿಗೆ ನೀರು ಚಿಮುಕಿಸುವ ಕೆಲಸ ಈಗ ತಮ್ಮನದು. ಅಬ್ಬಾ ಮಾತ್ರ ಊಟವಾದ ತಕ್ಷಣ ಟೀ ಕೇಳುವುದನ್ನು ಬಿಟ್ಟಿಲ್ಲ. ಅಮ್ಮಿ “ಗ್ಯಾಸ್ ಖಾಲಿ” ಎಂದು ಒಂದು ಗಂಟೆ ತಳ್ಳುತ್ತಾರೆ.